ನೀಲಿ ಅಂಗಿಯವರ ಹಿಂದೆ: ಥೂನ್, ಬರ್ನ್, ಮತ್ತೆ ಥೂನ್

ಜುಲೈ 1, 2025, ಮಂಗಳವಾರ

ಮ್ಯೂನಿಕ್‌ನಿಂದ ಹೊರಟ ರೈಲು ಲಿಂಡಾವ್, ಸೇಂಟ್ ಗಾಲನ್ ಮಾರ್ಗವಾಗಿ ಜ್ಯೂರಿಕ್ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಲ್ಲಿಂದ ಬರ್ನ್‌ಗೆ ಒಂದು ತಾಸು, ಬರ್ನ್‌ನಿಂದ ಥೂನ್‌ಗೆ ಇಪ್ಪತ್ತು ನಿಮಿಷ. ಈ ಕೊನೆಯ ರೈಲಿನಲ್ಲಿ ನಮ್ಮ ದೇಶದವರು ಬೇಕಾದಷ್ಟು ಜನರಿದ್ದರು. ಆದರೆ ಅವರೆಲ್ಲರೂ ಇಂಟರ್‌ಲಾಕೆನ್‌ಗೆ, ಅಲ್ಲಿಂದ ಹಿಮದ ಶಿಖರಗಳಿಗೆ ಹೋಗುವವರಾಗಿದ್ದರಿಂದ ಥೂನ್ ನಿಲ್ದಾಣದಲ್ಲಿ ಇಳಿದ ಭಾರತೀಯ ನಾನೊಬ್ಬನೇ. ನನ್ನ ಜೊತೆ ಇಳಿದವರು ನೀಲಿ ಅಂಗಿ ತೊಟ್ಟ ಐಸ್‌ಲ್ಯಾಂಡಿನವರು: ಅಜ್ಜ ಅಜ್ಜಿಯರು, ತಳ್ಳುಗಾಡಿಯಲ್ಲಿ ಮಲಗಿದ ಮಕ್ಕಳು, ಬೆನ್ನಿನ ಮೇಲೆ ಆಟಗಾರ್ತಿಯರ ಹೆಸರು ಬರೆಸಿಕೊಂಡ ಹತ್ತು ಹನ್ನೆರಡು ವರ್ಷದ ಹುಡುಗಿಯರು.

ಐಸ್‌ಲ್ಯಾಂಡಿನ ಮಹಿಳಾ ಫುಟ್‌ಬಾಲ್ ತಂಡದ ಬೆನ್ನು ಹತ್ತಿ ನಾನು ಸ್ವಿಟ್ಜರ್ಲೆಂಡಿಗೆ ಬಂದದ್ದಕ್ಕೆ ಕಾರಣ ಅದರ ನಾಯಕಿ ಗ್ಲೋದಿಸ್ ಪೆರ್ಲಾ ವಿಗ್ಗೋಸ್‌ದೋತ್ತಿರ್. ಅವರು ಮ್ಯೂನಿಕ್‌ನ ಬಯರ್ನ್ ಕ್ಲಬ್ಬಿನ ನಾಯಕಿಯೂ ಹೌದು. ಎರಡೂವರೆ ಸಾವಿರ ಜನರಷ್ಟೇ ಹಿಡಿಸುವ ಕ್ಯಾಂಪಸ್ ಮೈದಾನದಲ್ಲಿ, ಪಂದ್ಯ ಮುಗಿದ ಮೇಲೆ ಕಟಕಟೆಯ ಬಳಿ ನಿಂತು ಮಕ್ಕಳ ಅಂಗಿಗಳಿಗೆ ಸಹಿ ಹಾಕುವ ಈ ಎತ್ತರದ ಡಿಫೆಂಡರ್‌ನ ಆಟವನ್ನು ನೋಡುತ್ತ ನೋಡುತ್ತ ಅವರ ದೇಶದ ತಂಡದ ಸುದ್ದಿಯನ್ನೂ ಓದತೊಡಗಿದೆ. ಓದಿದಲ್ಲೆಲ್ಲ ಒಂದೇ ರಾಗ: ಅಷ್ಟು ಚಿಕ್ಕ ದೇಶ, ಇಷ್ಟು ದೊಡ್ಡ ಸಾಧನೆ. ನಿಜ, ದೇಶ ಚಿಕ್ಕದೇ. ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ಇಡೀ ದೇಶದ ಜನಸಂಖ್ಯೆ ದಾವಣಗೆರೆ ನಗರದ್ದಕ್ಕಿಂತ ಕಡಿಮೆ. ಆದರೆ ಯುರೋಪಿನ ದೇಶಗಳ ನಡುವಿನ ಈ ಸಲದ ಮಹಿಳಾ ಯುರೋ ಕಪ್‌ನ ಎ ಗುಂಪಿನಲ್ಲಿ ನಾರ್ವೆ, ಫಿನ್ಲೆಂಡ್ ಮತ್ತು ಆತಿಥೇಯ ಸ್ವಿಟ್ಜರ್ಲೆಂಡ್ ಜೊತೆ ಸೇರಿದ್ದ ಐಸ್‌ಲ್ಯಾಂಡ್, ಫಿಫಾ ಶ್ರೇಯಾಂಕದಲ್ಲಿ ಹದಿನಾಲ್ಕನೆಯ ಸ್ಥಾನದಲ್ಲಿದ್ದು, ಆ ನಾಲ್ಕರಲ್ಲಿ ಎಲ್ಲರಿಗಿಂತ ಮೇಲಿತ್ತು. ಗುಂಪಿನಲ್ಲಿ ಮೇಲಿರುವವರನ್ನು ಪವಾಡಪುರುಷರಂತೆ ನೋಡುವುದು ನನಗೆ ಸರಿಯೆನಿಸಲಿಲ್ಲ. ಕ್ವಾರ್ಟರ್ ಫೈನಲ್ ತಲುಪಬೇಕಾದ ಒಂದು ಗಂಭೀರ ತಂಡ ಎಂದುಕೊಂಡೇ ಮೂರು ಪಂದ್ಯಗಳ ಟಿಕೆಟ್ ಕೊಂಡಿದ್ದೆ.

ಹೆಸರುಗಳ ಬಗ್ಗೆ ಒಂದು ಮಾತು. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇರುವುದಿಲ್ಲ. ಅಧ್ಯಕ್ಷೆಯನ್ನೂ ಪ್ರಧಾನಿಯನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಜುಲೈ 2, ಬುಧವಾರ

ಯುರೋಪನ್ನು ಆ ವಾರ ಬಿಸಿಗಾಳಿ ಸುಡುತ್ತಿತ್ತು. ಬೆಳಿಗ್ಗೆ ಹತ್ತಕ್ಕೇ ಥೂನ್‌ನ ಹಳೆಯ ಪೇಟೆಯಲ್ಲಿ ನೆರಳು ಹುಡುಕಿ ನಡೆಯಬೇಕಾಯಿತು. ಈ ಪೇಟೆಯ ಮೇಲಿನ ಬೀದಿಯಲ್ಲಿ ಕೆಳಗಿನ ಅಂಗಡಿಗಳ ಮಾಳಿಗೆಯೇ ಮೇಲಿನವರಿಗೆ ಕಾಲುದಾರಿ; ಆ ಮಾಳಿಗೆಯ ಕಟ್ಟೆಗಳ ಮೇಲೆ ಸಾಲಾಗಿ ಕುಳಿತ ಐಸ್‌ಲ್ಯಾಂಡಿನವರು, ತಮ್ಮ ಊರಿನ ಬೇಸಿಗೆಯಲ್ಲಿ ಕಾಣದ ಮೂವತ್ತು ಡಿಗ್ರಿಯ ಬಿಸಿಲಿಗೆ ಮುಖ ಕೆಂಪಗೆ ಮಾಡಿಕೊಂಡು ನೀರು ಕುಡಿಯುತ್ತಿದ್ದರು.

ಸ್ಟಾಕ್‌ಹಾರ್ನ್ ಅರೇನಾ ಊರಿನ ಹೊರಗೆ, ಒಂದು ದೊಡ್ಡ ಮಾಲ್‌ನ ಪಕ್ಕದಲ್ಲಿದೆ. 2011ರಲ್ಲಿ ತೆರೆದ ಈ ಕ್ರೀಡಾಂಗಣದಲ್ಲಿ ಸ್ಥಳೀಯ ಪುರುಷರ ಕ್ಲಬ್ ಕೃತಕ ಹುಲ್ಲಿನ ಮೇಲೆ ಆಡುತ್ತದೆ. ಯುರೋ ಕಪ್‌ಗಾಗಿ ನಿಜವಾದ ಹುಲ್ಲನ್ನು ಹಾಸಿದ್ದರು. ಪಂದ್ಯದ ಟಿಕೆಟ್ ಇದ್ದವರಿಗೆ ಆ ದಿನ ರೈಲು ಬಸ್ಸುಗಳೆಲ್ಲ ಉಚಿತ. ಒಳಗೆ ಕುಳಿತರೆ ಒಂದು ಕಡೆ ಬೆಟ್ಟಗಳ ಸಾಲು, ಇನ್ನೊಂದು ಕಡೆ ನೀಲಿ ಅಂಗಿಗಳ ಸಾಲು. ಸಂಜೆ ಆರಕ್ಕೆ ಫಿನ್ಲೆಂಡ್ ವಿರುದ್ಧ ಶುರುವಾದ ಈ ಪಂದ್ಯವೇ ಇಡೀ ಪಂದ್ಯಾವಳಿಯ ಮೊದಲ ಪಂದ್ಯ. ಪುರುಷರ 2016ರ ಯುರೋ ಕಪ್‌ನಿಂದ ಲೋಕಪ್ರಸಿದ್ಧವಾದ ಆ ಚಪ್ಪಾಳೆ, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ನಿಧಾನವಾಗಿ ಆರಂಭಿಸಿ "ಹೂ" ಎಂಬ ಕೂಗಿನೊಡನೆ ವೇಗ ಪಡೆಯುವ ಚಪ್ಪಾಳೆ, ಆಟ ಶುರುವಾಗುವ ಮೊದಲೇ ಒಮ್ಮೆ ಆಗಿಹೋಯಿತು.

ಆಟ ಮಾತ್ರ ಆ ವೇಗ ಪಡೆಯಲಿಲ್ಲ. ವಸಂತದಲ್ಲಿ ಮೊಣಕಾಲಿನ ಗಾಯದಿಂದ ಹೊರಗಿದ್ದು ಈಗ ತಾನೇ ಮರಳಿದ್ದ ಗ್ಲೋದಿಸ್ ಮೊದಲಾರ್ಧದಲ್ಲಿ ಎಂದಿನ ಗ್ಲೋದಿಸ್ ಆಗಿರಲಿಲ್ಲ. ವಿರಾಮದ ನಂತರ ಅವರು ಅಂಗಳಕ್ಕೆ ಬರಲೇ ಇಲ್ಲ. ಹೊಟ್ಟೆ ಕೆಟ್ಟಿತ್ತೆಂದು ಆಮೇಲೆ ತಿಳಿಯಿತು. 58ನೆಯ ನಿಮಿಷದಲ್ಲಿ ಮಿಡ್‌ಫೀಲ್ಡರ್ ಹಿಲ್ದುರ್ ಎರಡನೆಯ ಹಳದಿ ಕಾರ್ಡ್ ಪಡೆದು ಹೊರನಡೆದರು. ಹತ್ತು ಜನ, ನಾಯಕಿಯಿಲ್ಲ, ಮೇಲೆ ಸೆಖೆ. 70ನೆಯ ನಿಮಿಷದಲ್ಲಿ ಫಿನ್ಲೆಂಡಿನ ಕತರೀನಾ ಕೊಸೊಲಾ ಎಡಗಡೆಯಿಂದ ಒಳನುಗ್ಗಿ, ಬಲಗಾಲಿನಿಂದ ದೂರದ ಮೂಲೆಗೆ ಚೆಂಡನ್ನು ಬಾಗಿಸಿ ಹೊಡೆದರು. ಗೋಲಿನಲ್ಲಿದ್ದ ಸೆಸಿಲಿಯಾ ರಾನ್ ಆ ವರ್ಷ ಇಟಲಿಯ ಲೀಗಿನ ಶ್ರೇಷ್ಠ ಗೋಲ್‌ಕೀಪರ್ ಎನಿಸಿಕೊಂಡವರು. ಆ ಹೊಡೆತಕ್ಕೆ ಅವರ ಕೈಯೂ ಎಟುಕಲಿಲ್ಲ. 1-0.

ಕೆಂಪು ಕಾರ್ಡನ್ನು ದೂರುವುದು ಸುಲಭ. ಆದರೆ ಹನ್ನೊಂದು ಜನರಿದ್ದಾಗಲೂ ಐಸ್‌ಲ್ಯಾಂಡ್ ಚೆಂಡನ್ನು ಹಿಡಿದಿಟ್ಟು ಆಡಲಿಲ್ಲ. ಸಿಕ್ಕ ಚೆಂಡನ್ನೆಲ್ಲ ಮುಂದಿದ್ದ ಸ್ವೇಂದಿಸ್ ಜೇನ್ ಕಡೆಗೆ ಉದ್ದಕ್ಕೆ ಒದ್ದು, ಅವರ ಓಟದ ಮೇಲೆ ಭಾರ ಹಾಕಿ ಕಾದರು. ಸ್ವೇಂದಿಸ್‌ರ ವೇಗ ಅಪರೂಪದ್ದು, ಅವರ ಥ್ರೋ-ಇನ್ ಹಲವರ ಕಾರ್ನರ್‌ಗಿಂತ ಅಪಾಯಕಾರಿ. ಆದರೂ ಒಬ್ಬರ ಓಟವೇ ಇಡೀ ತಂಡದ ಯೋಜನೆಯಾಗಲಾರದು.

ರಾತ್ರಿ ಊರಿನ ದೊಡ್ಡ ಪರದೆಯಲ್ಲಿ ಬಾಸೆಲ್‌ನ ಪಂದ್ಯ ನೋಡಿದೆವು. ನಾರ್ವೆ 2-1ರಿಂದ ಸ್ವಿಟ್ಜರ್ಲೆಂಡನ್ನು ಸೋಲಿಸಿತು. ಅಂದರೆ ಭಾನುವಾರ ಬರ್ನ್‌ನಲ್ಲಿ ಎದುರಾಗುವ ಎರಡೂ ತಂಡಗಳು ಒಂದೊಂದು ಸೋಲಿನ ಹೊರೆ ಹೊತ್ತೇ ಬರುತ್ತವೆ.

ಜುಲೈ 3, ಗುರುವಾರ

ಐಸ್‌ಲ್ಯಾಂಡ್ ತಂಡ ಉಳಿದುಕೊಂಡಿದ್ದ ಗುಂಟೆನ್ ಎಂಬ ಹಳ್ಳಿ ಥೂನ್ ಸರೋವರದ ಉತ್ತರ ದಂಡೆಯ ಮೇಲಿದೆ. ಹೋಟೆಲಿನ ಒಳಗೆ ಇಣುಕುವ ಉದ್ದೇಶವೇನೂ ನನಗಿರಲಿಲ್ಲ. ಆ ದಾರಿಯಲ್ಲಿ ಹೋಗುವ ದೋಣಿಯಲ್ಲಿ ನೀಲಿ ಅಂಗಿಯವರು ಸಿಗಬಹುದೆಂಬ ಆಸೆಯಿಂದ ಹತ್ತಿದೆ. ಸಿಕ್ಕಿದರು. ಅಕುರೇರಿ ಎಂಬ ಉತ್ತರದ ಊರಿನ ನಿವೃತ್ತ ಶಿಕ್ಷಕಿಯೊಬ್ಬರು, ತಮ್ಮ ಮೊಮ್ಮಗಳೊಂದಿಗೆ, ನೀಸೆನ್ ಬೆಟ್ಟದ ಕಡೆ ಮುಖ ಮಾಡಿ ಕುಳಿತಿದ್ದರು. ನಾನು ಸೌಜನ್ಯಕ್ಕೆಂದು, ಇಷ್ಟು ಚಿಕ್ಕ ದೇಶ ಸತತ ಐದನೆಯ ಯುರೋ ಕಪ್ ಆಡುತ್ತಿರುವುದೇ ದೊಡ್ಡದು ಎಂದೆ. ಅವರು ನಕ್ಕರು, ಆದರೆ ಒಪ್ಪಲಿಲ್ಲ. ನಿನ್ನೆ ಗೆಲ್ಲಬೇಕಾದ ಪಂದ್ಯವನ್ನು ಸೋತೆವು, ಅದನ್ನು ಜನಸಂಖ್ಯೆಯ ಲೆಕ್ಕದಲ್ಲಿ ಕ್ಷಮಿಸಿಬಿಟ್ಟರೆ ಆ ಹುಡುಗಿಯರಿಗೆ ಅವಮಾನ ಎಂದು ಶಾಂತವಾಗಿ ಹೇಳಿದರು. ಮುಂದಿನ ಅರ್ಧ ಗಂಟೆ ಅವರು ಮಾತಾಡಿದರು, ನಾನು ಕೇಳಿಸಿಕೊಂಡೆ. ಕೆಳಗಿನದರಲ್ಲಿ ಕೆಲವಷ್ಟು ಅವರು ಹೇಳಿದ್ದು, ಕೆಲವಷ್ಟು ನಾನು ಮೊದಲೇ ಓದಿಕೊಂಡಿದ್ದು.

ಐಸ್‌ಲ್ಯಾಂಡಿನಲ್ಲಿ ಮಹಿಳೆಯರ ಲೀಗ್ ಶುರುವಾದದ್ದು 1972ರಲ್ಲಿ. ಮೂರು ವರ್ಷಗಳ ನಂತರ, 1975ರ ಅಕ್ಟೋಬರ್ 24ರಂದು, ದೇಶದ ಹತ್ತರಲ್ಲಿ ಒಂಬತ್ತು ಹೆಂಗಸರು ಕಚೇರಿ, ಕಾರ್ಖಾನೆ, ಅಡುಗೆಮನೆಗಳ ಕೆಲಸವನ್ನೆಲ್ಲ ಬಿಟ್ಟು ಬೀದಿಗೆ ಬಂದರು. ಹೊರಗಿನವರು ಈ ತಂಡದ ಕಥೆಯನ್ನು ಆ ದಿನದಿಂದಲೇ ನೇರ ಗೆರೆ ಎಳೆದು ಹೇಳುವುದುಂಟು. ಗೆರೆ ಅಷ್ಟು ನೇರವಲ್ಲ. ಮಹಿಳಾ ತಂಡದ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1981ರ ಸೆಪ್ಟೆಂಬರ್‌ನಲ್ಲಿ, ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್‌ನಲ್ಲಿ. ಅಲ್ಲಿ 3-2ರಿಂದ ಸೋತರು. ಅದೇ ದಶಕದ ಕೊನೆಗೆ ಹಲವು ವರ್ಷ ಆ ತಂಡಕ್ಕೆ ಪಂದ್ಯಗಳೇ ಇಲ್ಲದೆ ಹೋದವು. ಮಹಿಳೆಯನ್ನು ಅಧ್ಯಕ್ಷೆಯಾಗಿ ಚುನಾಯಿಸಿದ್ದ ದೇಶದಲ್ಲಿಯೇ ಮಹಿಳೆಯರ ಫುಟ್‌ಬಾಲ್ ತಂಡ ಅನಗತ್ಯ ಖರ್ಚೆನಿಸಿತ್ತು ಎಂಬುದನ್ನು ಆ ಶಿಕ್ಷಕಿ ಈಗಲೂ ಮರೆತಿರಲಿಲ್ಲ.

ನಿಜವಾಗಿ ಬದಲಾವಣೆ ತಂದದ್ದು ಕಾಂಕ್ರೀಟು ಮತ್ತು ಕಬ್ಬಿಣ ಎನ್ನುವುದು ನನ್ನ ಅಭಿಪ್ರಾಯ. ವರ್ಷದ ಬಹುಭಾಗ ಗಾಳಿ, ಹಿಮ, ಕತ್ತಲೆಗಳಲ್ಲಿ ಕಳೆಯುವ ದ್ವೀಪದಲ್ಲಿ ಪೂರ್ಣ ಅಳತೆಯ ಮೈದಾನವನ್ನು ಸೂರಿನಡಿ ತಂದ ಮೊದಲ ಕಟ್ಟಡ 2000ದಲ್ಲಿ ಕೆಫ್ಲಾವಿಕ್ ಪ್ರದೇಶದಲ್ಲಿ ತೆರೆಯಿತು. ಆಮೇಲೆ ಊರೂರಿಗೆ ಅಂಥವು ಬಂದವು. ಸ್ವೇಂದಿಸ್ ಹುಟ್ಟಿದ್ದು 2001ರಲ್ಲಿ, ಬೆಳೆದದ್ದು ಅದೇ ಕೆಫ್ಲಾವಿಕ್‌ನಲ್ಲಿ. ಊರಿನ ಕ್ಲಬ್ಬಿನಲ್ಲಿ ಹುಡುಗರಿಗೆ ಸಿಗುವ ಅದೇ ಸೂರು, ಸಂಬಳ ಪಡೆಯುವ ತರಬೇತುದಾರರು ಹುಡುಗಿಯರಿಗೂ ಸಿಗುವುದರಿಂದ, ಪ್ರತಿಭೆಯನ್ನು ಹುಡುಕಲು ಯಾರೂ ಊರೂರು ಅಲೆಯಬೇಕಿಲ್ಲ. ಬಹುಪಾಲು ಮಕ್ಕಳು ಒಂದಲ್ಲ ಒಂದು ಕ್ಲಬ್ಬಿನ ಬಾಗಿಲು ದಾಟಿಯೇ ಇರುತ್ತಾರೆ.

ಫಲ ಬೇಗ ಕಂಡಿತು. 2009ರಲ್ಲಿ ಫಿನ್ಲೆಂಡಿನಲ್ಲಿ ಮೊದಲ ಯುರೋ ಕಪ್. ಪುರುಷರು ಅಲ್ಲಿಗೆ ತಲುಪಿದ್ದು ಏಳು ವರ್ಷಗಳ ಮೇಲೆ, 2016ರಲ್ಲಿ. ಇದನ್ನು ಹೇಳುವಾಗ ಶಿಕ್ಷಕಿಯ ಮೊಮ್ಮಗಳೂ ತಲೆಯೆತ್ತಿ ನೋಡಿದಳು. 2013ರಲ್ಲಿ ಸ್ವೀಡನ್‌ನಲ್ಲಿ ದಾಗ್ನಿಯ ಒಂದೇ ಗೋಲಿನಿಂದ ನೆದರ್ಲೆಂಡ್ಸ್ ತಂಡವನ್ನು ಮಣಿಸಿ ಕ್ವಾರ್ಟರ್ ಫೈನಲ್ ಸೇರಿದರು. ವೆಸ್ಟ್‌ಮನ್ ದ್ವೀಪದಿಂದ ಬಂದ ಮಾರ್ಗ್ರೆಟ್ ಲಾರಾ 124 ಪಂದ್ಯಗಳಲ್ಲಿ 79 ಗೋಲು ಹೊಡೆದರು. ಸಾರಾ ಬ್ಯೋರ್ಕ್ 145 ಪಂದ್ಯಗಳನ್ನಾಡಿದರು. 2020ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿಯೋನ್ ಪರವಾಗಿ ತಮ್ಮ ಹಳೆಯ ಕ್ಲಬ್ ವುಲ್ಫ್ಸ್‌ಬರ್ಗ್ ವಿರುದ್ಧವೇ ಗೋಲು ಹೊಡೆದರು. ಗರ್ಭಿಣಿಯಾಗಿದ್ದಾಗ ಪೂರ್ತಿ ಸಂಬಳ ಕೊಡದ ಲಿಯೋನ್ ಕ್ಲಬ್ಬನ್ನು ಫಿಫಾದ ಮುಂದೆ ನಿಲ್ಲಿಸಿ ಗೆದ್ದರು. ಆ ತೀರ್ಪು ಯುರೋಪಿನ ಪ್ರತಿಯೊಬ್ಬ ವೃತ್ತಿಪರ ಆಟಗಾರ್ತಿಗೂ ಉಪಯೋಗಕ್ಕೆ ಬಂದಿರುವಂಥದ್ದು. 2018ರಿಂದ ರಾಷ್ಟ್ರೀಯ ಪಂದ್ಯಗಳ ಬೋನಸ್ ಗಂಡಸರಿಗೂ ಹೆಂಗಸರಿಗೂ ಒಂದೇ. 2021ರಲ್ಲಿ, ಪುರುಷ ಆಟಗಾರರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ನಿಭಾಯಿಸಿದ ರೀತಿಗೆ ಟೀಕೆಗಳೆದ್ದು ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು ಮತ್ತು ಆಡಳಿತ ಮಂಡಳಿ ಹೊರನಡೆದಾಗ, ಮಹಿಳಾ ತಂಡದ ಹಿಂದಿನ ನಾಯಕಿ ವಾಂದಾ ಅಧ್ಯಕ್ಷೆಯಾದರು. ಯುರೋಪಿನ ಯಾವ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಗೂ ಅದಕ್ಕೆ ಮುಂಚೆ ಮಹಿಳೆ ಮುಖ್ಯಸ್ಥೆಯಾಗಿರಲಿಲ್ಲ.

ದೋಣಿ ಗುಂಟೆನ್‌ಗೆ ಬಂತು. ಮೊಮ್ಮಗಳು ಇಳಿದು ದಂಡೆಯುದ್ದಕ್ಕೂ ಓಡಿದಳು. ಆಟಗಾರ್ತಿಯರು ಯಾರೂ ಕಾಣಲಿಲ್ಲ.

ಜುಲೈ 5, ಶನಿವಾರ

ನಿನ್ನೆಯ ದಿನ ಬರೆಯುವಂಥದ್ದೇನೂ ನಡೆಯಲಿಲ್ಲ. ಇಂದು ಥೂನ್‌ನಿಂದ ಬರ್ನ್‌ಗೆ ವಾಸ್ತವ್ಯ ಬದಲಿಸಿದೆ. ಮಧ್ಯಾಹ್ನ ಆರೆ ನದಿಯ ದಂಡೆಯಲ್ಲಿ ಕುಳಿತು ಫೋನಿನಲ್ಲಿ ನೋಡಿದ ಪಂದ್ಯ ಮಾತ್ರ ಬೇರೆಯದು: ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತದ ಮಹಿಳೆಯರು, ಶ್ರೇಯಾಂಕದಲ್ಲಿ ತಮಗಿಂತ ಬಹಳ ಮೇಲಿದ್ದ ಆತಿಥೇಯರನ್ನು ಸಂಗೀತಾ ಬಾಸ್ಫೋರ್ ಅವರ ಎರಡು ಗೋಲುಗಳಿಂದ 2-1ರಲ್ಲಿ ಸೋಲಿಸಿ, ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿಗೆ ಏಷ್ಯನ್ ಕಪ್ ತಲುಪಿದರು. 2022ರಲ್ಲಿ ಆತಿಥೇಯರಾಗಿ ಆಡಬೇಕಿದ್ದ ಅದೇ ಪಂದ್ಯಾವಳಿಯಿಂದ ಕೋವಿಡ್ ನಮ್ಮನ್ನು ಹೊರದೂಡಿತ್ತು. ನದಿಯಲ್ಲಿ ಈಜುತ್ತ ತೇಲಿಹೋಗುತ್ತಿದ್ದ ಬರ್ನ್‌ನವರ ನಡುವೆ ನಾನೊಬ್ಬನೇ ಎದ್ದು ಕೂಗಿದೆ. ಒಂದಿಬ್ಬರು ನೀರಿನಿಂದಲೇ ಕೈಬೀಸಿದರು.

ನೂರನಲವತ್ತು ಕೋಟಿ ಜನರ ದೇಶ ಮತ್ತು ನಾಲ್ಕು ಲಕ್ಷ ಮುಟ್ಟದ ದೇಶ. ಜನಸಂಖ್ಯೆಯಿಂದ ಫುಟ್‌ಬಾಲ್ ಅಳೆಯುವ ಲೆಕ್ಕ ಎರಡೂ ತುದಿಗಳಲ್ಲಿ ಸುಳ್ಳಾಗುತ್ತದೆ. ಎಷ್ಟು ಹುಡುಗಿಯರಿಗೆ ವರ್ಷವಿಡೀ ಮೈದಾನವೂ ತರಬೇತಿಯೂ ಸಿಗುತ್ತದೆ ಎಂಬ ಲೆಕ್ಕ ಹಾಕಿದರೆ ಯಾವುದು ಚಿಕ್ಕ ದೇಶ ಎಂಬ ಪ್ರಶ್ನೆಗೆ ಬೇರೆ ಉತ್ತರವೇ ಬಂದೀತು.

ಜುಲೈ 6, ಭಾನುವಾರ

ಬರ್ನ್‌ನ ಕ್ರೀಡಾಂಗಣ ವಾಂಕ್‌ಡೋರ್ಫ್‌ನ ಹೆಸರನ್ನು ಫುಟ್‌ಬಾಲ್ ಬಲ್ಲವರು 1954ರಿಂದ ಬಲ್ಲರು. ಪಶ್ಚಿಮ ಜರ್ಮನಿ ಹಂಗೇರಿಯನ್ನು ಸೋಲಿಸಿದ ವಿಶ್ವಕಪ್ ಫೈನಲ್ ಇಲ್ಲಿಯೇ ನಡೆದದ್ದು. ಹಳೆಯ ಕ್ರೀಡಾಂಗಣವನ್ನು ಕೆಡವಿ ಕಟ್ಟಿದ ಈಗಿನದಕ್ಕೆ ಇಪ್ಪತ್ತು ವರ್ಷ. ಮಧ್ಯಾಹ್ನದಿಂದಲೇ ಬರ್ನ್‌ನ ಬೀದಿಗಳು ಕೆಂಪಾಗಿದ್ದವು. ಸಂಜೆ ಸಿಯಾನ್‌ನಲ್ಲಿ ನಾರ್ವೆ ಫಿನ್ಲೆಂಡನ್ನು 2-1ರಿಂದ ಸೋಲಿಸಿದ ಸುದ್ದಿ ಬಂತು. ಇನ್ನು ಲೆಕ್ಕ ಸರಳ: ಐಸ್‌ಲ್ಯಾಂಡ್ ಇಂದು ಸೋತರೆ ಮನೆಗೆ.

ಐಸ್‌ಲ್ಯಾಂಡ್ ಮತ್ತು ಸ್ವಿಟ್ಜರ್ಲೆಂಡ್ ಅದೇ ವರ್ಷ ಎರಡು ಸಲ ಎದುರಾಗಿದ್ದವು. ಫೆಬ್ರವರಿಯಲ್ಲಿ ಜ್ಯೂರಿಕ್‌ನಲ್ಲಿ 0-0, ಏಪ್ರಿಲ್‌ನಲ್ಲಿ ರೇಕ್ಯಾವಿಕ್‌ನಲ್ಲಿ 3-3. ಐಸ್‌ಲ್ಯಾಂಡಿನ ಆ ಮೂರನ್ನೂ ಹೊಡೆದವರು ಕರೋಲಿನಾ ಲೇಯಾ. ಹಾಗಾಗಿ ಯಾರೂ ಯಾರಿಗೂ ಅಪರಿಚಿತರಲ್ಲ.

ಇಪ್ಪತ್ತೊಂಬತ್ತು ಸಾವಿರಕ್ಕೂ ಹೆಚ್ಚು ಜನ, ಅವರ ನಡುವೆ ಒಂದು ಮೂಲೆಯಲ್ಲಿ ನಾವು. ಶಿಳ್ಳೆ ಊದಿ ಒಂದು ನಿಮಿಷ ತುಂಬುವುದರೊಳಗೆ ಐಸ್‌ಲ್ಯಾಂಡಿನ ಇಂಗಿಬ್ಯೋರ್ಗ್ ಹೊಡೆದ ಚೆಂಡು ಕ್ರಾಸ್‌ಬಾರ್‌ಗೆ ಬಡಿಯಿತು. ಆ ಸದ್ದು ನಮ್ಮ ಮೂಲೆಯವರೆಗೂ ಕೇಳಿಸಿತು. ಅದು ಒಂದು ಅಂಗೈ ಕೆಳಗೆ ಹೋಗಿದ್ದರೆ ಎಂದು ಆ ರಾತ್ರಿ ಎಷ್ಟು ಜನ ಎಷ್ಟು ಸಲ ಹೇಳಿದರೋ. ಗ್ಲೋದಿಸ್ ಮರಳಿದ್ದರು, ಅವರು ಹಿಂದೆ ನಿಂತು ಕೈಯೆತ್ತಿ ಸಾಲನ್ನು ಸರಿಪಡಿಸುವುದನ್ನು ನೋಡಿದರೆ ಬುಧವಾರದ ತಂಡವೇ ಇದಲ್ಲ ಎನಿಸಿತು. ಮೊದಲಾರ್ಧದಲ್ಲಿ ಸ್ವಿಸ್ ತಂಡ ಹೊಡೆದ ಗೋಲೊಂದನ್ನು, ಅದಕ್ಕೆ ಮುಂಚೆ ಫೌಲ್ ಆಗಿತ್ತೆಂದು, ವಿಡಿಯೋ ನೋಡಿ ರದ್ದು ಮಾಡಿದರು. ಕರೋಲಿನಾ ಒದ್ದ ಫ್ರೀಕಿಕ್ ಕೂಡ ಕ್ರಾಸ್‌ಬಾರ್‌ಗೇ ಬಡಿಯಿತು. ಎರಡು ಸಲವೂ ಕ್ರಾಸ್‌ಬಾರ್.

76ನೆಯ ನಿಮಿಷ. ಸ್ವಿಟ್ಜರ್ಲೆಂಡಿನ ಹದಿನೆಂಟರ ಹರೆಯದ ಸಿಡ್ನಿ ಶೆರ್ಟೆನ್‌ಲೈಬ್ ಚೆಂಡನ್ನು ಎಳೆದುಕೊಂಡು ಬಂದು ಬಿಟ್ಟುಕೊಟ್ಟರು, ಜೆರಾಲ್ಡಿನ್ ರಾಯ್ಟೆಲರ್ ಹೊಡೆದರು. ಕ್ರೀಡಾಂಗಣ ಅಲುಗಾಡಿತು ಎಂದರೆ ಅತಿಶಯೋಕ್ತಿಯಲ್ಲ, ನನ್ನ ಕಾಲಡಿಯ ಮೆಟ್ಟಿಲು ನಿಜವಾಗಿಯೂ ನಡುಗಿತು. ಕೊನೆಯಲ್ಲಿ ಎಲ್ಲರೂ ಮುಂದೆ ಹೋಗಿದ್ದಾಗ ಅಲಾಯಾ ಪಿಲ್‌ಗ್ರಿಮ್ ಎರಡನೆಯದನ್ನೂ ಹೊಡೆದರು. 2-0.

ಐಸ್‌ಲ್ಯಾಂಡ್ ಹೊರಬಿತ್ತು. ಆಟಗಾರ್ತಿಯರು ನಮ್ಮ ಮೂಲೆಗೆ ಬಂದು ನಿಂತರು. ಆಟಗಾರ್ತಿಯರೆದುರು ಚಪ್ಪಾಳೆ ತಟ್ಟುವ ಹೊತ್ತಿನಲ್ಲೂ ನನ್ನ ತಲೆಯಲ್ಲಿದ್ದದ್ದು ಕೋಪವೇ. ತರಬೇತುದಾರ ಥೋರ್‌ಸ್ಟೇನ್ ಹಾಲ್ದೋರ್ಸನ್ 2021ರಿಂದ ಈ ತಂಡವನ್ನು ನಡೆಸುತ್ತಿದ್ದಾರೆ. 2022ರ ಯುರೋ ಕಪ್‌ನಲ್ಲಿ ಬೆಲ್ಜಿಯಂ, ಇಟಲಿ, ಫ್ರಾನ್ಸ್ ಮೂರರ ವಿರುದ್ಧವೂ 1-1, ಸೋಲಿಲ್ಲದೆಯೇ ನಿರ್ಗಮನ. 2024ರ ಜುಲೈಯಲ್ಲಿ ಇದೇ ತಂಡ ರೇಕ್ಯಾವಿಕ್‌ನಲ್ಲಿ ಜರ್ಮನಿಯನ್ನು 3-0ರಿಂದ ಸೋಲಿಸಿ ಇಲ್ಲಿಗೆ ಅರ್ಹತೆ ಪಡೆಯಿತು. ಆ ಸಂಜೆ ಜರ್ಮನರನ್ನು ಮೈದಾನದ ಅವರ ಅರ್ಧದಲ್ಲೇ ಅಟ್ಟಿಸಿಕೊಂಡು ಹೋಗಿ ಚೆಂಡು ಕಸಿದವರು, ಇಲ್ಲಿ ಗೋಲು ಬಿಟ್ಟುಕೊಡಬಾರದೆಂಬ ಒಂದೇ ಚಿಂತೆಯಲ್ಲಿ ಎರಡು ಪಂದ್ಯ ಆಡಿದರು. ಅವರ ಕಾಲಿನಿಂದ ಒಂದು ಗೋಲೂ ಬರಲಿಲ್ಲ.

ಜುಲೈ 8, ಮಂಗಳವಾರ

ಸೆಖೆ ಮುರಿದು ಮಳೆ ಬಂದಿದೆ. ಹಲವರು ಮನೆಗೆ ಮರಳಿದರು. ಥೂನ್‌ನ ಹೋಟೆಲುಗಳಲ್ಲಿ ಕೋಣೆಗಳು ತೆರವಾದವು. ಕೊನೆಯ ಪಂದ್ಯದ ಟಿಕೆಟ್ ಮಾರಲು ಹೊರಟವರೂ ಕಂಡರು. ಹಣದ ಲೆಕ್ಕ ಓದಿದೆ: ಈ ಯುರೋ ಕಪ್‌ನಲ್ಲಿ ಭಾಗವಹಿಸಿದ ಪ್ರತಿ ದೇಶಕ್ಕೂ 18 ಲಕ್ಷ ಯೂರೋ, ಗುಂಪಿನಲ್ಲಿ ಒಂದು ಗೆಲುವಿಗೆ 1 ಲಕ್ಷ, ಡ್ರಾಕ್ಕೆ 50 ಸಾವಿರ. ಒಟ್ಟು ಬಹುಮಾನದ ಮೊತ್ತ ಹಿಂದಿನ ಸಲದ ಎರಡು ಪಟ್ಟಿಗಿಂತ ಹೆಚ್ಚು. ಐಸ್‌ಲ್ಯಾಂಡಿಗೆ ಇಲ್ಲಿಯವರೆಗೆ ಬಂದದ್ದು ಆ ಮೊದಲಿನದು ಮಾತ್ರ.

ಜುಲೈ 10, ಗುರುವಾರ

ಮತ್ತೆ ಸ್ಟಾಕ್‌ಹಾರ್ನ್ ಅರೇನಾ, ರಾತ್ರಿ ಒಂಬತ್ತು, ಎದುರಾಳಿ ನಾರ್ವೆ. ನಾರ್ವೆ ಆಗಲೇ ಗುಂಪಿನ ಮೊದಲಿಗರು, ನಮ್ಮವರು ಆಗಲೇ ಹೊರಗೆ. ಪಂದ್ಯದಿಂದ ಏನೂ ಬದಲಾಗುವಂತಿರಲಿಲ್ಲ. ಆದರೂ ಆರನೆಯ ನಿಮಿಷದಲ್ಲಿ ಸ್ವೇಂದಿಸ್ ಗೋಲು ಹೊಡೆದಾಗ ಇಡೀ ನೀಲಿ ಸಾಲು ಎದ್ದು ನಿಂತಿತು. ಈ ಪಂದ್ಯಾವಳಿಯಲ್ಲಿ ಐಸ್‌ಲ್ಯಾಂಡಿನ ಮೊದಲ ಗೋಲು ಅದು. ಆಮೇಲೆ ನಾರ್ವೆಯ ಇಪ್ಪತ್ತು ವರ್ಷದ ಸಿಗ್ನೆ ಗೌಪ್‌ಸೆಟ್ ಎಂಬ ಹುಡುಗಿ ಆಟವನ್ನು ತನ್ನದಾಗಿಸಿಕೊಂಡಳು: 15 ಮತ್ತು 26ನೆಯ ನಿಮಿಷಗಳಲ್ಲಿ ತಾನೇ ಹೊಡೆದಳು, ವಿರಾಮದ ನಂತರ ಫ್ರಿಡಾ ಮಾನುಮ್‌ಗೆ ಎರಡು ಸಲ ಚೆಂಡು ಒದಗಿಸಿ ಹೊಡೆಸಿದಳು. 4-1.

ಹೊರಡಲು ಚೀಲ ಹೆಗಲಿಗೇರಿಸಿದವರು ಕೆಲವರಿದ್ದರು. 84ನೆಯ ನಿಮಿಷದಲ್ಲಿ ಐಸ್‌ಲ್ಯಾಂಡಿನ ಹ್ಲಿನ್ ಒಂದು ಹೊಡೆದರು. ಹೆಚ್ಚುವರಿ ಸಮಯದ ಐದನೆಯ ನಿಮಿಷದಲ್ಲಿ ಪೆನಾಲ್ಟಿ. ಗ್ಲೋದಿಸ್ ಚೆಂಡನ್ನಿಟ್ಟು, ಹಿಂದೆ ಸರಿದು, ತಡಮಾಡದೆ ಒಳಗೆ ಕಳಿಸಿದರು. 4-3, ಅಷ್ಟಕ್ಕೇ ಶಿಳ್ಳೆ. 2009ರಿಂದ ಆಡಿದ ಯುರೋ ಕಪ್ ಪಂದ್ಯಗಳಲ್ಲಿ ಐಸ್‌ಲ್ಯಾಂಡ್ ಒಂದೇ ಪಂದ್ಯದಲ್ಲಿ ಒಂದಕ್ಕಿಂತ ಹೆಚ್ಚು ಗೋಲು ಹೊಡೆದದ್ದು ಇದೇ ಮೊದಲು. ಕಳೆದುಕೊಳ್ಳಲು ಏನೂ ಇಲ್ಲದಾಗ ಮುನ್ನುಗ್ಗಿ ಆಡಿದ ಈ ಕೊನೆಯ ಹತ್ತು ನಿಮಿಷವನ್ನು ಫಿನ್ಲೆಂಡ್ ವಿರುದ್ಧ ಯಾಕೆ ಆಡಲಿಲ್ಲ ಎಂಬ ಪ್ರಶ್ನೆಯನ್ನು ನನ್ನ ಪಕ್ಕದವರು ಐಸ್‌ಲ್ಯಾಂಡಿಕ್‌ನಲ್ಲಿ ಕೂಗಿದರೋ ಏನೋ, ನಾನಂತೂ ಕನ್ನಡದಲ್ಲಿ ಕೂಗಿದೆ.

ಅದೇ ಹೊತ್ತಿಗೆ ಜಿನೀವಾದಲ್ಲಿ ಸ್ವಿಟ್ಜರ್ಲೆಂಡ್ ಹೆಚ್ಚುವರಿ ಸಮಯದಲ್ಲಿ ಫಿನ್ಲೆಂಡ್ ವಿರುದ್ಧ 1-1 ಮಾಡಿಕೊಂಡು ಕ್ವಾರ್ಟರ್ ಫೈನಲ್ ಸೇರಿತು. ಗುಂಪಿನಲ್ಲಿ ಶ್ರೇಯಾಂಕದ ಮೊದಲಿಗರು ಅಂಕವೇ ಇಲ್ಲದೆ ಕೊನೆಗೆ ನಿಂತರು.

ಜುಲೈ 11, ಶುಕ್ರವಾರ

ಬೆಳಗಿನ ರೈಲಿಗೆ ಕಾಯುತ್ತಿದ್ದಾಗ ನಿಲ್ದಾಣದಲ್ಲಿ ಅಕುರೇರಿಯ ಶಿಕ್ಷಕಿ ಸಿಕ್ಕರು. ಮೊಮ್ಮಗಳು ಅವರ ಸೂಟ್‌ಕೇಸಿನ ಮೇಲೆ ಕುಳಿತು ಬ್ರೆಡ್ ತಿನ್ನುತ್ತಿದ್ದಳು. ಬಹಳ ಬೇಸರವಾಯಿತೇ ಎಂದು ಕೇಳಿದೆ. ಬೇಸರಕ್ಕಿಂತ ಲೆಕ್ಕಾಚಾರ ಹೆಚ್ಚಿದೆ ಎಂದರು. ಅಕ್ಟೋಬರ್‌ನಲ್ಲಿ ಉತ್ತರ ಐರ್ಲೆಂಡ್ ವಿರುದ್ಧ ಎರಡು ಪಂದ್ಯಗಳಿವೆ, ಅವನ್ನು ಸೋತರೆ ಯುರೋಪಿನ ದೇಶಗಳ ಇನ್ನೊಂದು ಪಂದ್ಯಾವಳಿಯಾದ ನೇಷನ್ಸ್ ಲೀಗಿನ ಎ ವಿಭಾಗದಿಂದ ಕೆಳಗಿಳಿಯಬೇಕಾಗುತ್ತದೆ, ಕೆಳಗಿಳಿದರೆ 2027ರ ವಿಶ್ವಕಪ್‌ನ ದಾರಿ ಕಷ್ಟವಾಗುತ್ತದೆ. ಐಸ್‌ಲ್ಯಾಂಡಿನ ಮಹಿಳೆಯರು ಇದುವರೆಗೆ ವಿಶ್ವಕಪ್ ಆಡಿಯೇ ಇಲ್ಲ. ಮ್ಯೂನಿಕ್‌ನಲ್ಲಿ ಗ್ಲೋದಿಸ್‌ರನ್ನು ಕಂಡರೆ ಮೊಣಕಾಲನ್ನು ನೋಡಿಕೊಳ್ಳಲು ಹೇಳಿ ಎಂದು ನಗುತ್ತ ನನಗೊಂದು ಕೆಲಸವನ್ನೂ ಒಪ್ಪಿಸಿ, ಮೊಮ್ಮಗಳನ್ನು ಎಬ್ಬಿಸಿಕೊಂಡು ಜಿನೀವಾ ವಿಮಾನ ನಿಲ್ದಾಣದ ರೈಲು ಹತ್ತಿದರು.